ಪರದೇಶದಲ್ಲಿ ಪುಟ್ಟ ಮಕ್ಕಳ ಬೆಳವಣಿಗೆ: ಮಲೆನಾಡಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಎರಡು ಮೂರು ವರ್ಷದ ಮಟ್ಟಿಗೆ ಹೊರದೇಶಕ್ಕೆ ಹೋಗುವ ಸಂಸಾರಗಳು ಈಗ ಬಹಳ. ಕಂಪನಿಯ ಪ್ರಾಜೆಕ್ಟ್ ಇರಬಹುದು, ಪಿಎಚ್‌ಡಿ ಇರಬಹುದು, ನರ್ಸಿಂಗ್ ಕೆಲಸ ಇರಬಹುದು. ಹೋಗುವಾಗ ಕೈಯಲ್ಲಿ ಒಂದು ಕೂಸು ಇರುತ್ತದೆ, ಇಲ್ಲವೇ ಅಲ್ಲಿ ಹೋದ ಮೇಲೆ ಹುಟ್ಟುತ್ತದೆ. ಮನೆಯಲ್ಲಿ ಅಜ್ಜಿ ಇಲ್ಲ, ಪಕ್ಕದ ಮನೆಯ ದೊಡ್ಡಮ್ಮ ಇಲ್ಲ. ಮಗು ಸರಿಯಾಗಿ ಬೆಳೆಯುತ್ತಿದೆಯಾ ಎಂದು ಯಾರನ್ನು ಕೇಳುವುದು?

ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ಕಡೆಯವಳು, ಮಕ್ಕಳ ಜೊತೆ ಹೊರಗಿದ್ದು ಈಗ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ನಮ್ಮ ಕಡೆಯ ಹುಡುಗಿಯರು, ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ಹೇಗೂ ವಾಪಸ್ ಹೋಗ್ತೀವಲ್ಲ, ಆಮೇಲೆ ನೋಡಿದ್ರಾಯ್ತು" ಎನ್ನುವುದು ಸೋಫಾ ಕೊಳ್ಳುವ ವಿಷಯಕ್ಕೆ ಸರಿ. ಮಗುವಿನ ವಿಷಯಕ್ಕೆ ಸರಿಯಲ್ಲ. ನಿಮಗೆ ಅದು ತಾತ್ಕಾಲಿಕ ವಾಸ, ಆದರೆ ಎರಡು ವರ್ಷದ ಮಗುವಿಗೆ ಅದೇ ಅದರ ಇಡೀ ಆಯಸ್ಸು.

ಯಾವ ವಯಸ್ಸಿಗೆ ಮಗು ಏನೇನು ಮಾಡಬೇಕು?

ಸ್ಥೂಲವಾಗಿ ಹೇಳುತ್ತೇನೆ. ಎರಡು ತಿಂಗಳಿಗೆ ನೀವು ಮಾತಾಡಿಸಿದರೆ ನಗಬೇಕು. ಆರು ತಿಂಗಳಿಗೆ ಬೋರಲಾಗಿ ಮಲಗಿದ್ದು ಅಂಗಾತ ಹೊರಳುತ್ತದೆ. ಒಂಬತ್ತು ತಿಂಗಳಿಗೆ ಯಾರೂ ಹಿಡಿಯದೆ ಕೂರುತ್ತದೆ. ಒಂದು ವರ್ಷಕ್ಕೆ ಕುರ್ಚಿ, ಮಂಚ ಹಿಡಿದು ನಿಲ್ಲುತ್ತದೆ, ಅಮ್ಮನನ್ನೋ ಅಪ್ಪನನ್ನೋ ಕರೆಯುತ್ತದೆ. 15 ತಿಂಗಳಿಗೆ ನಾಲ್ಕು ತಪ್ಪುಹೆಜ್ಜೆ, ಜೊತೆಗೆ ಅಮ್ಮ ಅಪ್ಪ ಬಿಟ್ಟು ಒಂದೆರಡು ಮಾತು. 18 ತಿಂಗಳಿಗೆ ತಾನೇ ನಡೆಯುತ್ತದೆ, ಬೇಕಾದ್ದನ್ನು, ನೋಡಿ ಖುಷಿಯಾದದ್ದನ್ನು ಬೆರಳು ಮಾಡಿ ತೋರಿಸುತ್ತದೆ. ಎರಡು ವರ್ಷಕ್ಕೆ "ಅಜ್ಜ ಬಾ", "ಇನ್ನೂ ಬೇಕು" ಎಂದು ಎರಡು ಪದ ಕೂಡಿಸುತ್ತದೆ. ಎರಡೂವರೆಗೆ ಸುಮಾರು 50 ಪದ.

ಇದು ಅಮೆರಿಕದ ಸಿಡಿಸಿ ಎಂಬ ಸರ್ಕಾರಿ ಆರೋಗ್ಯ ಸಂಸ್ಥೆ 2022ರಲ್ಲಿ ತಿದ್ದಿ ಬರೆದ ಪಟ್ಟಿಯ ಸಾರ. ಆ ಪಟ್ಟಿಯ ವಿಶೇಷ ಏನೆಂದರೆ, ನೂರರಲ್ಲಿ 75 ಮಕ್ಕಳಾದರೂ ಆ ವಯಸ್ಸಿಗೆ ಮಾಡುವ ಕೆಲಸಗಳನ್ನು ಮಾತ್ರ ಅದರಲ್ಲಿ ಇಟ್ಟಿದ್ದಾರೆ. ಹಾಗಾಗಿ ಒಂದು ಕೆಲಸ ಆಗಲಿಲ್ಲ ಎಂದ ಕೂಡಲೇ ಮಗುವಿಗೆ ತೊಂದರೆ ಇದೆ ಎಂದಲ್ಲ. ಆದರೆ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳುವ ಹೊತ್ತು ಬಂದಿದೆ ಎಂದು ಅರ್ಥ.

ಅಲ್ಲಿಯ ಪಟ್ಟಿ ನಮ್ಮ ಮಕ್ಕಳಿಗೆ ಹೊಂದುತ್ತದಾ? ನಮ್ಮವರ ಮೈಕಟ್ಟೇ ಬೇರೆ ಅಲ್ವಾ?

ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ ಮಕ್ಕಳನ್ನು ವರ್ಷಗಟ್ಟಲೆ ನೋಡಿ 2006ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ದೇಶದಿಂದ ದೆಹಲಿಯ ಮಕ್ಕಳಿದ್ದರು. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ಒಳಗೆ, ಸ್ವಂತ ನಡಿಗೆ 8.2ರಿಂದ 17.6 ತಿಂಗಳ ಒಳಗೆ ಎಂದು ಅದು ಹೇಳುತ್ತದೆ. ನಡಿಗೆಯ ಅಂತರ ನೋಡಿ, ಒಂಬತ್ತು ತಿಂಗಳಿಗೂ ಜಾಸ್ತಿ! ಒಂದೇ ಮನೆಯ ಅಕ್ಕ ಹತ್ತು ತಿಂಗಳಿಗೆ ನಡೆದು ತಮ್ಮ ಹದಿನಾರಕ್ಕೆ ನಡೆದರೆ ಇಬ್ಬರೂ ಸರಿಯೇ.

ತೂಕ, ಎತ್ತರದ ಪಟ್ಟಿಯೂ ಹಾಗೆಯೇ. ಭಾರತದ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆಯವೇ. ಪಕ್ಕದ ಮನೆಯ ಡಚ್ ಮಗುವಿನ ಪಕ್ಕ ನಿಮ್ಮ ಮಗು ಸಣ್ಣ ಕಾಣಬಹುದು. ಅದರ ತೂಕ ತನ್ನದೇ ಗೆರೆಯ ಜೊತೆ ಮೇಲೆ ಹೋಗುತ್ತಿದೆಯಾ ಎಂಬುದನ್ನು ಮಾತ್ರ ನೋಡಿ.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದೆ. ಲೆಕ್ಕ ಹೇಗೆ?

ಎರಡು ವರ್ಷದ ತನಕ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಒಂಬತ್ತು ತಿಂಗಳಾದಾಗ ಏಳು ತಿಂಗಳ ಪಟ್ಟಿ ನೋಡಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ.

ಅತ್ತೆ ದಿನಾ "ಅಂಬೆಗಾಲಿಟ್ಟಿತಾ, ಹೊಸ್ತಿಲು ದಾಟಿತಾ" ಎಂದು ಕೇಳುತ್ತಾರೆ. ನಮ್ಮ ಮಗು ಅಂಬೆಗಾಲೇ ಇಡಲಿಲ್ಲ, ಕುಂಡೆಯಲ್ಲೇ ಜಾರಿಕೊಂಡು ಹೋಗುತ್ತದೆ. ತೊಂದರೆಯಾ?

ಮೇಲೆ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಕೈ ಮತ್ತು ಮೊಣಕಾಲಿನ ಮೇಲೆ ಅಂಬೆಗಾಲಿಡಲೇ ಇಲ್ಲ. ಹಾಗೇ ಎದ್ದು ನಿಂತವು, ನಡೆದವು. 2022ರ ಸಿಡಿಸಿ ಪಟ್ಟಿಯಿಂದ ಅಂಬೆಗಾಲನ್ನು ತೆಗೆದೇ ಹಾಕಿದ್ದಾರೆ. ಕೈಕಾಲು ಎರಡೂ ಕಡೆ ಸಮನಾಗಿ ಆಡುತ್ತಿದ್ದರೆ, ಮಗು ಹೇಗೋ ಒಂದು ರೀತಿಯಲ್ಲಿ ಜಾಗ ಬದಲಿಸುತ್ತಿದ್ದರೆ ಗಾಬರಿ ಬೇಡ. ಒಂದೇ ಕೈ ಬಳಸುತ್ತದೆ, ಒಂದು ಕಾಲು ಎಳೆಯುತ್ತದೆ, ಮೈ ಬಹಳ ಬಿಗಿ ಅಥವಾ ಬಹಳ ಸಡಿಲ ಎನಿಸಿದರೆ ಮಾತ್ರ ತಡ ಮಾಡದೆ ತೋರಿಸಿ.

ಆದರೂ ಅತ್ತೆಯವರ ಪ್ರಶ್ನೆಯಲ್ಲಿ ಒಂದು ಸತ್ಯವಿದೆ, ಅದನ್ನು ತಳ್ಳಿಹಾಕಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಮಗು ದಿನವಿಡೀ ನೆಲದ ಮೇಲೆ. ಜಗಲಿ, ನಡುಮನೆ, ಅಡುಗೆಮನೆ, ನಡುವೆ ಎತ್ತರದ ಹೊಸ್ತಿಲು. ಅದನ್ನು ಹತ್ತಿ ಇಳಿಯುವುದೇ ಮಗುವಿಗೆ ಒಂದು ದೊಡ್ಡ ವ್ಯಾಯಾಮ. ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಗಳೂ ಇವೆ. ಹೊರದೇಶದ ಫ್ಲಾಟಿನಲ್ಲಿ ಹೊಸ್ತಿಲೇ ಇರುವುದಿಲ್ಲ. ಚಳಿಗೆ ದಪ್ಪ ಬಟ್ಟೆ. ಕಾರಿನಲ್ಲಿ ಸೀಟು, ಹೊರಗೆ ತಳ್ಳುಗಾಡಿ, ಮನೆಯಲ್ಲಿ ತೂಗುವ ಕುರ್ಚಿ. ಎಲ್ಲಿ ಹೋದರೂ ಬೆಲ್ಟು. ಲೆಕ್ಕ ಹಾಕಿದರೆ ಎಚ್ಚರವಿರುವ ಹೊತ್ತಿನಲ್ಲಿ ಮಗು ನೆಲದ ಮೇಲೆ ಇದ್ದದ್ದು ಬಹಳ ಕಡಿಮೆ ಎಂದು ಗೊತ್ತಾಗುತ್ತದೆ. ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಕಂಬಳಿ ಹಾಸಿ ಕೆಳಗೆ ಬಿಡಿ. ದಿಂಬುಗಳನ್ನು ಜೋಡಿಸಿ ಒಂದು ಹೊಸ್ತಿಲು ಮಾಡಿಕೊಡಿ. ಪುಟ್ಟ ಕೂಸಾದರೆ ಎಚ್ಚರವಿದ್ದಾಗ ನೀವು ಪಕ್ಕದಲ್ಲೇ ಕೂತು ದಿನಕ್ಕೆ ಹಲವು ಸಲ ಬೋರಲು ಮಲಗಿಸಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ಒಳಗೆ ಕೂರಿಸಿ ಬಿಡುವ ವಾಕರ್ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳುವ ಅಪಾಯ ಜಾಸ್ತಿ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ನಮ್ಮ ಕಡೆ ಮಗು ನಿಂತು ತಳ್ಳುವ ಮೂರು ಚಕ್ರದ ಮರದ ಗಾಡಿ ಇದೆಯಲ್ಲ, ಅದು ಬೇರೆ. ಅದರಲ್ಲಿ ಮೈಭಾರ ಮಗುವಿನ ಕಾಲಿನ ಮೇಲೇ ಇರುತ್ತದೆ. ಅಜ್ಜಯ್ಯ ಕಳಿಸಿಕೊಟ್ಟರೆ ಖುಷಿಯಿಂದ ಬಳಸಿ, ಸಮತಟ್ಟಾದ ಜಾಗದಲ್ಲಿ, ನಿಮ್ಮ ಕಣ್ಣೆದುರಿಗೆ.

ಮನೆಯಲ್ಲಿ ಕನ್ನಡ, ಡೇಕೇರಿನಲ್ಲಿ ಬೇರೆ ಭಾಷೆ. ಅದಕ್ಕೇ ಮಗು ಮಾತು ತಡ ಮಾಡುತ್ತಿದೆಯಾ? ಕನ್ನಡ ನಿಲ್ಲಿಸಬೇಕಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೊದಲು ಉತ್ತರ: ಕನ್ನಡ ನಿಲ್ಲಿಸಬೇಡಿ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಲೆನಾಡಿನಲ್ಲೇ ನೋಡಿ. ಮನೆಯಲ್ಲಿ ಹವ್ಯಕ, ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡಿ ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ಎಷ್ಟಿಲ್ಲ? ಎರಡು ಭಾಷೆಯ ಮಕ್ಕಳಿಗೂ ಮೊದಲ ಮಾತು ಒಂದು ವರ್ಷದ ಆಸುಪಾಸಿನಲ್ಲೇ ಬರುತ್ತದೆ.

ಗೊಂದಲ ಆಗುವುದು ಎಣಿಸುವಲ್ಲಿ. ಜರ್ಮನಿಯಲ್ಲಿರುವ ಮಗುವಿಗೆ ಕನ್ನಡದಲ್ಲಿ ಹತ್ತು ಪದ, ಜರ್ಮನ್‌ನಲ್ಲಿ ಎಂಟು ಪದ ಬರುತ್ತದೆ ಅಂದುಕೊಳ್ಳಿ. ಡೇಕೇರಿನವರು ಎಂಟು ಮಾತ್ರ ಕೇಳಿಸಿಕೊಳ್ಳುತ್ತಾರೆ, ಅಜ್ಜಿ ಹತ್ತು ಮಾತ್ರ. ಇಬ್ಬರಿಗೂ ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ನಿಜಕ್ಕೂ ಅದಕ್ಕೆ ಹದಿನೆಂಟು ಪದ ಬರುತ್ತದೆ. ಎರಡೂ ಭಾಷೆ ಸೇರಿಸಿ ಎಣಿಸಬೇಕು. "ಮೋರ್ ಅನ್ನ" ಎಂದರೂ ಎರಡು ಪದದ ವಾಕ್ಯವೇ. ಭಾಷೆ ಬೆರೆಸುವುದು ತಪ್ಪಲ್ಲ, ದೊಡ್ಡವರಾದ ನಾವೂ ಬೆರೆಸುತ್ತೇವೆ. "ಮೆ", "ಮಿಯಾಂವ್" ಎಂದು ಕುರಿ ಬೆಕ್ಕಿಗೆ ಹೆಸರಿಟ್ಟಿದ್ದರೆ ಅದನ್ನೂ ಪದ ಎಂದೇ ಎಣಿಸಿ. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ, ಮಗು ತಾನಾಗಿ ಹೇಳುವ ಪದಗಳನ್ನು ಬರೆಯುತ್ತಾ ಹೋಗಿ, ತಾರೀಖು ಹಾಕಿ. ಡಾಕ್ಟರ್ ಕೇಳಿದಾಗ "ಸುಮಾರಾಗಿ ಮಾತಾಡುತ್ತದೆ" ಎನ್ನುವುದಕ್ಕಿಂತ ಆ ಹಾಳೆ ತೋರಿಸಿದರೆ ಎಷ್ಟೋ ಸಹಾಯ.

ಮೂರು ವರ್ಷದ ಮಗುವನ್ನು ಹೊಸದಾಗಿ ಅಲ್ಲಿಯ ಶಾಲೆಗೆ ಹಾಕಿದಾಗ ಇನ್ನೊಂದು ಸಂಗತಿ ಆಗುತ್ತದೆ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮಗು ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಕೇಳಿಸಿಕೊಂಡು, ನೋಡಿಕೊಂಡು ಇರುತ್ತದೆ. ಮನೆಗೆ ಬಂದು ಕನ್ನಡದಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದರೆ ಅದು ಹೊಸ ಭಾಷೆಗೆ ಒಗ್ಗುವ ಕಾಲ, ಅಷ್ಟೆ. ಟೀಚರಿಗೆ "ಮನೆಯಲ್ಲಿ ಮಾತಾಡುತ್ತಾಳೆ" ಎಂದು ಹೇಳಿ, ಬೇಕಾದರೆ ಒಂದು ವಿಡಿಯೊ ತೋರಿಸಿ. "ನೀರು", "ಉಚ್ಚೆ", "ಸಾಕು", "ಅಮ್ಮ ಬೇಕು" ಎಂಬ ನಾಲ್ಕಾರು ಪದಗಳನ್ನು ಅವರ ಲಿಪಿಯಲ್ಲಿ ಬರೆದುಕೊಡಿ. ಮಗು ಅತ್ತಾಗ ಏನು ಕೇಳುತ್ತಿದೆ ಎಂದು ಗೊತ್ತಾದರೆ ಅವರಿಗೂ ಸುಲಭ.

ಈಗ ಗಂಭೀರವಾದ ಭಾಗ. ಯಾವ ಭಾಷೆಯಲ್ಲೂ ಮಾತಿಲ್ಲ ಎಂದಾದರೆ "ಎರಡು ಭಾಷೆ ಇದೆಯಲ್ಲ, ಅದಕ್ಕೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಒಂದು ವರ್ಷವಾದರೂ ಬೊಬ್ಬೊಬ್ಬೊ, ದದ್ದದ ಎಂಬ ತೊದಲು ಇಲ್ಲ, ಟಾಟಾ ಮಾಡುವುದಿಲ್ಲ. ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಎರಡು ವರ್ಷವಾದರೂ ಎರಡು ಪದ ಕೂಡಿಸುವುದಿಲ್ಲ. ಇದರಲ್ಲಿ ಒಂದಿದ್ದರೂ ತೋರಿಸಿ. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ಹೋದರೆ, ಬಂದ ನಗು, ಕಣ್ಣಿನ ನೋಟ ಕಡಿಮೆಯಾದರೆ ಆ ವಾರವೇ ಡಾಕ್ಟರ್ ಹತ್ತಿರ ಹೋಗಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಪರೀಕ್ಷೆ ಪಾಸಾಗಿತ್ತು ಎಂದರೂ ಮಾಡಿಸಿ. ಪದೇ ಪದೇ ಶೀತವಾಗಿ ಕಿವಿಯ ಒಳಗೆ ನೀರು ತುಂಬುವುದು ಡೇಕೇರ್ ಮಕ್ಕಳಲ್ಲಿ ಸಾಮಾನ್ಯ.

ಅಲ್ಲಿಯ ಯಾರಾದರೂ "ಮನೆಯಲ್ಲೂ ನಮ್ಮ ಭಾಷೆಯೇ ಆಡಿ" ಎಂದರೆ ವಿನಯವಾಗಿ ಕಾರಣ ಕೇಳಿ. ಇವತ್ತಿನ ಮಾತಿನ ತಜ್ಞರು ಹಾಗೆ ಹೇಳುವುದಿಲ್ಲ. ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲಿ ನೀವು ಗದರುತ್ತೀರಿ, ಮುದ್ದಿಸುತ್ತೀರಿ, ಕಥೆ ಹೇಳುತ್ತೀರಿ. ಮಗುವಿಗೆ ಬೇಕಾದದ್ದು ಆ ಸರಾಗ ಮಾತು. ಜೊತೆಗೆ, ನೀವು ವಾಪಸ್ ಬರುವವರು. ಸಾಗರದ ಮನೆಯಲ್ಲಿ ಕಾಯುತ್ತಿರುವ ಅಜ್ಜಿಯ ಜೊತೆ ಮಗು ಯಾವ ಭಾಷೆಯಲ್ಲಿ ಮಾತಾಡಬೇಕು?

ಅಜ್ಜ ಅಜ್ಜಿ ಜೊತೆ ವಿಡಿಯೊ ಕಾಲ್ ಮಾಡಿದರೆ ಅದೂ ಸ್ಕ್ರೀನ್ ಲೆಕ್ಕವಾ?

ಅಲ್ಲ. ಒಂದು ವರ್ಷದೊಳಗೆ ಟಿವಿ, ಮೊಬೈಲ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯೊಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದೂವರೆ ವರ್ಷದೊಳಗಿನವರಿಗೂ ವಿಡಿಯೊ ಕಾಲ್ ಆಗಬಹುದು ಎನ್ನುತ್ತದೆ. ಮಗು ನಕ್ಕರೆ ಅಜ್ಜಿ ನಗುತ್ತಾರೆ, ಅದು ಎರಡೂ ಕಡೆಯ ಮಾತುಕತೆ. ಆದರೆ "ಹಾಯ್ ಹೇಳು, ಹೆಸರೇನು ಹೇಳು" ಎಂದು ಪರೀಕ್ಷೆ ಮಾಡಿದರೆ ಮಗು ಮುಖ ತಿರುಗಿಸುತ್ತದೆ. ಅಜ್ಜಿ ಅಕ್ಕಿ ರೊಟ್ಟಿ ತಟ್ಟುವಾಗ ಫೋನನ್ನು ಒಲೆಯಿಂದ ದೂರ ಒರಗಿಸಿಡಲಿ. ಅಜ್ಜಯ್ಯ ಕೊಟ್ಟಿಗೆಗೆ ಹೋಗಿ ಕರು ತೋರಿಸಲಿ. ಹತ್ತೇ ನಿಮಿಷ, ದಿನಾ ಒಂದೇ ಹೊತ್ತಿಗೆ.

ಮಾತು ಬೇಗ ಬರಲಿ ಎಂದು ಊರಿಂದ ಬಜೆ, ಜೇನುತುಪ್ಪ ಕಳಿಸಿದ್ದಾರೆ. ಕೊಡಬಹುದಾ?

ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ಮುಟ್ಟಿಸಬೇಡಿ. ನಮ್ಮ ಕಾಡಿನ ಜೇನು ಎಷ್ಟೇ ಶುದ್ಧವಿರಲಿ, ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ಬಾಟುಲಿಸಂ ಎಂದು ಅದರ ಹೆಸರು. ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗುತ್ತದೆ. ಒಂದು ವರ್ಷದ ನಂತರ ಆ ಭಯವಿಲ್ಲ.

ಬಜೆ ತೇಯ್ದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಪ್ರೀತಿಯಿಂದ ಕಳಿಸಿದ್ದಾರೆ, ನನಗೂ ಅದು ಅರ್ಥವಾಗುತ್ತದೆ. ಆದರೆ ಅಮೆರಿಕದಲ್ಲಿ 1968ರಿಂದ ಬಜೆಯನ್ನು ಆಹಾರದಲ್ಲಿ ಸೇರಿಸುವುದು ನಿಷೇಧ, ಅದರಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ. ಕೂಸಿಗೆ ಬೇಡ. ಅಂಗಡಿಯ ಕಾಡಿಗೆಯೂ ಬೇಡ, ಸೀಸ ಇರಬಹುದು. ಅತ್ತೆಯವರಿಗೆ ಬೇಜಾರಾಗದಂತೆ ಹೇಳಬೇಕೆಂದರೆ ಅವರ ಕೈಯ ಒಳ್ಳೆಯದನ್ನು ಕೇಳಿ ಪಡೆಯಿರಿ. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಕಳಿಸಿ ಎನ್ನಿ. ಆರು ತಿಂಗಳ ನಂತರ ರಾಗಿ ಮಣ್ಣಿಗಿಂತ ಒಳ್ಳೆಯದು ಅಲ್ಲಿಯ ಅಂಗಡಿಯಲ್ಲಿ ಸಿಗುವುದು ಕಷ್ಟ.

ಅನ್ನಪ್ರಾಶನ, ಕಿವಿ ಚುಚ್ಚುವುದು, ಅಕ್ಷರಾಭ್ಯಾಸ ಎಲ್ಲ ತಪ್ಪಿಹೋಗುತ್ತಿದೆ...

ಅನ್ನಪ್ರಾಶನಕ್ಕಾಗಿ ಊಟ ಮುಂದೂಡಬೇಡಿ. ಆರು ತಿಂಗಳಿಗೆ ಎದೆಹಾಲಿನ ಜೊತೆ ಮೆತ್ತಗಿನ ಆಹಾರ ಶುರುವಾಗಲೇಬೇಕು, ಕಬ್ಬಿಣದ ಅಂಶ ಬೇಕಾಗುತ್ತದೆ. ಇದ್ದಲ್ಲೇ ದೀಪ ಹಚ್ಚಿ, ತುಪ್ಪದ ಅನ್ನ ಮಾಡಿ, ಅಜ್ಜ ಅಜ್ಜಿ ಫೋನಿನಲ್ಲಿ ಇರಲಿ. ಉಳಿದವು ಕಾಯುತ್ತವೆ. ಶೃಂಗೇರಿಯ ಶಾರದೆಯ ಎದುರು ಅಕ್ಷರಾಭ್ಯಾಸ ಮಾಡಿಸಬೇಕೆಂಬ ಆಸೆ ಇದ್ದರೆ ರಜೆಯಲ್ಲಿ ಬಂದಾಗ ಮಾಡಿಸಿ. ಮೂರು ವರ್ಷಕ್ಕಾದರೂ ಸರಿ, ಐದಕ್ಕಾದರೂ ಸರಿ.

ಅಲ್ಲಿ ಯಾರನ್ನು ಕೇಳಬೇಕು? ನಮಗೆ ವ್ಯವಸ್ಥೆಯೇ ಗೊತ್ತಿಲ್ಲ.

ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಹೆಲ್ತ್ ವಿಸಿಟರ್ ಎಂಬ ನರ್ಸ್ ಮನೆಗೇ ಬರುತ್ತಾರೆ. ಮಗುವಿನ ದಾಖಲೆಗೆ ಕೆಂಪು ಪುಸ್ತಕ ಕೊಡುತ್ತಾರೆ. ಒಂದು ವರ್ಷದ ಹೊತ್ತಿಗೆ, ಆಮೇಲೆ ಎರಡು ಎರಡೂವರೆ ವರ್ಷಕ್ಕೆ ಬೆಳವಣಿಗೆ ನೋಡುತ್ತಾರೆ. ಜರ್ಮನಿಯಲ್ಲಿ ಹಳದಿ ಪುಸ್ತಕ, ಯು1ರಿಂದ ಯು9ರವರೆಗೆ ಸಾಲಾಗಿ ತಪಾಸಣೆ. ಜಪಾನಿನಲ್ಲಿ ತಾಯಿ ಮಗುವಿನ ಕೈಪಿಡಿ ಕೊಡುತ್ತಾರೆ, ಒಂದೂವರೆ ಮತ್ತು ಮೂರು ವರ್ಷಕ್ಕೆ ಊರಿನ ಆಡಳಿತವೇ ತಪಾಸಣೆ ಮಾಡುತ್ತದೆ. ಅಮೆರಿಕದಲ್ಲಿ ಮಕ್ಕಳ ಡಾಕ್ಟರ್ 9, 18, 30 ತಿಂಗಳಿಗೆ ಬೆಳವಣಿಗೆಯ ಪ್ರಶ್ನಾವಳಿ ತುಂಬಿಸುತ್ತಾರೆ. ಆಟಿಸಂ (ಮಾತು, ಜನರ ಒಡನಾಟ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಬಗ್ಗೆ 18 ಮತ್ತು 24 ತಿಂಗಳಿಗೆ ಪ್ರತ್ಯೇಕವಾಗಿ ಕೇಳುತ್ತಾರೆ.

ಆ ಪ್ರಶ್ನಾವಳಿಯನ್ನು ಪರೀಕ್ಷೆ ಎಂದುಕೊಂಡು ನೂರಕ್ಕೆ ನೂರು ತುಂಬಬೇಡಿ, ದಯವಿಟ್ಟು. "ಚಮಚದಿಂದ ತಾನೇ ತಿನ್ನುತ್ತದಾ" ಎಂಬ ಪ್ರಶ್ನೆ ಇರುತ್ತದೆ. ನಮ್ಮಲ್ಲಿ ಕೈತುತ್ತು ಹಾಕುತ್ತೇವೆ, ಹಾಗಾಗಿ ಮಗುವಿಗೆ ಚಮಚ ಹಿಡಿದೇ ಗೊತ್ತಿರುವುದಿಲ್ಲ. "ಇನ್ನೂ ಪ್ರಯತ್ನ ಮಾಡಿಸಿಲ್ಲ" ಎಂದು ಬರೆಯಿರಿ, ಒಂದು ವಾರ ಚಮಚ ಕೊಟ್ಟು ನೋಡಿ. ಭಾಷೆ ತೊಡಕಾದರೆ ದುಭಾಷಿ ಬೇಕು ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ.

ಮಗುವಿನ ಮಾತು ತಡವಾಗಿದೆ. ಇನ್ನಾರು ತಿಂಗಳಲ್ಲಿ ಶಿವಮೊಗ್ಗಕ್ಕೆ ವಾಪಸ್. ಅಲ್ಲಿ ಬಂದೇ ತೋರಿಸಿದರೆ ಆಗದಾ?

ಆಗುವುದಿಲ್ಲ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು.

ಆರು ತಿಂಗಳು ನಮಗೆ ಪ್ಯಾಕಿಂಗ್ ಮಾಡುವುದರೊಳಗೆ ಮುಗಿಯುತ್ತದೆ. ಒಂದೂವರೆ ವರ್ಷದ ಮಗುವಿಗೆ ಅದು ಬದುಕಿನ ಮೂರನೇ ಒಂದು ಭಾಗ. ಮೊದಲ ಮೂರು ವರ್ಷಗಳಲ್ಲಿ ಮಿದುಳು ಮಾತನ್ನು, ನೋಟವನ್ನು, ಜನರ ಒಡನಾಟವನ್ನು ಕಲಿಯುವ ವೇಗ ಮತ್ತೆ ಬರುವುದಿಲ್ಲ. ಕಿವಿಯ ವಿಷಯದಲ್ಲಂತೂ ಲೆಕ್ಕ ಸ್ಪಷ್ಟ: ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು. ಇನ್ನೊಂದು, ವಾಪಸ್ ಬರುವ ತಾರೀಖು ಹೇಳಿದ ಹಾಗೆ ಇರುವುದಿಲ್ಲ. ಪ್ರಾಜೆಕ್ಟ್ ಮುಂದೆ ಹೋಗುತ್ತದೆ, ವೀಸಾ ಬೆಳೆಯುತ್ತದೆ. ಬಂದ ಮೇಲೂ ಮನೆ ಹುಡುಕಿ, ನೆಂಟರ ಮನೆಗೆ ಹೋಗಿ ಬಂದು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಇನ್ನೆರಡು ತಿಂಗಳು ಕಳೆದಿರುತ್ತದೆ.

ಅಮೆರಿಕದಲ್ಲಿದ್ದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಎಂಬ ಸರ್ಕಾರಿ ಸೇವೆ ಪ್ರತಿ ರಾಜ್ಯದಲ್ಲೂ ಇದೆ. ಡಾಕ್ಟರ್ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಬಹುದು, ಮಗುವನ್ನು ಪರೀಕ್ಷಿಸುವುದಕ್ಕೆ ದುಡ್ಡಿಲ್ಲ. ಬೇರೆ ದೇಶಗಳಲ್ಲಿ ಮಕ್ಕಳ ಡಾಕ್ಟರ್ ಅಥವಾ ನರ್ಸ್ ದಾರಿ ತೋರಿಸುತ್ತಾರೆ. ಕಾಯುವ ಸಾಲು ಉದ್ದವಿದ್ದರೂ ಹೆಸರು ಬರೆಸಿ. ಕರೆ ಬರುವ ಮುಂಚೆ ನೀವು ಹೊರಟರೆ ಏನೂ ನಷ್ಟವಿಲ್ಲ.

"ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂದು ಮನೆಯ ಹಿರಿಯರು ಹೇಳಬಹುದು. ಅದು ನಿಜವೂ ಇರಬಹುದು. ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಗೊತ್ತಾದರೆ ಎಲ್ಲರಿಗೂ ನೆಮ್ಮದಿ, ಅಲ್ವಾ?

ಅಲ್ಲಿ ಶುರುವಾದ ಥೆರಪಿಯನ್ನು ಇಲ್ಲಿ ಮುಂದುವರಿಸಬಹುದಾ?

ಖಂಡಿತ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಶುರುಮಾಡಿ. ಮಾತು ಮತ್ತು ಕಿವಿಗೆ ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ತಾಳಗುಪ್ಪ, ಸಾಗರ, ಶಿವಮೊಗ್ಗದಿಂದ ಮೈಸೂರಿಗೆ ನೇರ ರೈಲೇ ಇದೆ. ಆಟಿಸಂ, ನಡವಳಿಕೆಯ ವಿಷಯಕ್ಕೆ ಬೆಂಗಳೂರಿನ ನಿಮ್ಹಾನ್ಸ್. ಹೊರದೇಶದ ಥೆರಪಿಸ್ಟ್ ಹತ್ತಿರ ಕೊನೆಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆಸಿ ತನ್ನಿ. ಯಾವ ಗುರಿ ಇಟ್ಟಿದ್ದರು, ಮಗು ಎಲ್ಲಿಗೆ ಬಂದಿದೆ ಎಂದು ಅದರಲ್ಲಿ ಇರಲಿ.

ಲಸಿಕೆ ಎರಡು ದೇಶದ್ದು ಬೆರೆತುಹೋಗಿದೆ. ಮತ್ತೆ ಮೊದಲಿಂದ ಹಾಕಿಸಬೇಕಾ?

ಬೇಡ. ದಾಖಲೆ ಇದ್ದರೆ ಹಾಕಿಸಿದ್ದು ಲೆಕ್ಕಕ್ಕೆ ಬರುತ್ತದೆ, ಬಿಟ್ಟುಹೋದದ್ದನ್ನು ಮಾತ್ರ ಹಾಕುತ್ತಾರೆ. ವ್ಯತ್ಯಾಸ ಎಲ್ಲಿ ಎಂದು ಗೊತ್ತಿರಲಿ. ಭಾರತದಲ್ಲಿ ಹುಟ್ಟಿದ ಕೂಡಲೇ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕುತ್ತಾರೆ. ಅಮೆರಿಕ, ಜರ್ಮನಿಯಲ್ಲಿ ಎಲ್ಲ ಮಕ್ಕಳಿಗೂ ಅದನ್ನು ಹಾಕುವುದಿಲ್ಲ. ಅಲ್ಲಿ ಹುಟ್ಟಿದ ಮಗುವನ್ನು ಇಲ್ಲಿ ನೆಲೆಸಲು ಕರೆತರುವಾಗ ಬಿಸಿಜಿ ಬಗ್ಗೆ ಕೇಳಿ, ಟೈಫಾಯ್ಡ್ ಬಗ್ಗೆಯೂ ಕೇಳಿ. ಭಾರತದಲ್ಲಿ ದಡಾರ ರುಬೆಲ್ಲಾ ಲಸಿಕೆ 9 ತಿಂಗಳಿಗೆ. ಅಮೆರಿಕದಲ್ಲಿ 12 ತಿಂಗಳ ನಂತರ, ಆದರೆ 6ರಿಂದ 11 ತಿಂಗಳ ಕೂಸು ಹೊರದೇಶಕ್ಕೆ ಹೊರಟರೆ ಮುಂಚಿತವಾಗಿ ಒಂದು ಡೋಸ್ ಕೊಡುತ್ತಾರೆ. ಆ ಮುಂಚಿನ ಡೋಸನ್ನು ಅಲ್ಲಿಯ ಎರಡು ಡೋಸಿನಲ್ಲಿ ಸೇರಿಸುವುದಿಲ್ಲ. ಊರಿನಲ್ಲಿದ್ದಾಗ ಪಲ್ಸ್ ಪೋಲಿಯೊ ಭಾನುವಾರ ಬಂದರೆ ಐದು ವರ್ಷದೊಳಗಿನ ಮಗುವಿಗೆ ಎರಡು ಹನಿ ಹಾಕಿಸಿ, ಅದರ ಚೀಟಿ ಬೇರೆ ಕೇಳುವುದಿಲ್ಲ.

ತಾಯಿ ಕಾರ್ಡ್, ಅಲ್ಲಿಯ ಪುಸ್ತಕ, ಎರಡರ ಪ್ರತಿ ಪುಟವನ್ನೂ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.

ರಜೆಗೆ ಊರಿಗೆ ಬಂದರೆ ಮಗು ಹಿಂದೆ ಹೋದಂತೆ ಅನಿಸುತ್ತದೆ. ಚಡ್ಡಿ ಒದ್ದೆ, ಅಜ್ಜಿ ಹತ್ತಿರ ಹೋಗುವುದಿಲ್ಲ, ರಾತ್ರಿ ಅಳು.

ಇದು ಪ್ರಯಾಣದ ಫಲ. ನಿದ್ದೆಯ ಹೊತ್ತು ತಿರುಗಾಮುರುಗಾ ಆಗಿದೆ, ಊಟ ಬೇರೆ, ಮನೆ ತುಂಬ ಹೊಸ ಮುಖ. ಎಂಟು ತಿಂಗಳಿಂದ ಒಂದೂವರೆ ವರ್ಷದ ತನಕ ಮಕ್ಕಳು ಹೊಸಬರನ್ನು ಕಂಡರೆ ಅಳುವುದೇ ಬೆಳವಣಿಗೆಯ ಲಕ್ಷಣ. ಅಜ್ಜಿಗೆ ಎಷ್ಟು ನೋವಾಗುತ್ತದೆ ಎಂದು ಬಲ್ಲೆ, ಎಷ್ಟೋ ತಿಂಗಳಿಂದ ಕಾದಿರುತ್ತಾರೆ. ಎತ್ತಿಕೊಳ್ಳುವ ಆತುರ ಬೇಡ, ಪಕ್ಕದಲ್ಲಿ ಕೂತು ಹೂವು ಕಟ್ಟುತ್ತಿರಲಿ, ಮಗು ತಾನೇ ಹತ್ತಿರ ಬರುತ್ತದೆ. ಒಂದೆರಡು ವಾರದಲ್ಲಿ ಎಲ್ಲ ಸರಿಹೋಗಬೇಕು. ಮಾತು ನಿಂತೇ ಹೋಗಿ ವಾಪಸ್ ಬರದಿದ್ದರೆ ಅದನ್ನು ಪ್ರಯಾಣದ ಮೇಲೆ ಹಾಕಬೇಡಿ.

ಫ್ಲಾಟಿನಲ್ಲಿ ಬೆಳೆದ ಮಗುವಿಗೆ ನಮ್ಮ ಮನೆಯ ಅಪಾಯಗಳು ಗೊತ್ತಿರುವುದಿಲ್ಲ. ಬಾವಿ, ಕೆರೆ, ಬಚ್ಚಲ ಒಲೆ, ಬಿಸಿನೀರಿನ ಹಂಡೆ. ಕೊಯ್ಲಿನ ಕಾಲದಲ್ಲಿ ಅಂಗಳ ತುಂಬ ಅಡಿಕೆ ಹರಡಿರುತ್ತದೆ, ಒಂದು ಗೋಟು ಸಾಕು ಗಂಟಲಿಗೆ ಸಿಕ್ಕಲು. ಎದ್ದು ಓಡಾಡುವ ಮಗುವಿನ ಹಿಂದೆ ಒಬ್ಬರು ಇರಲೇಬೇಕು, ಯಾರು ಎಂದು ಹೆಸರಿಟ್ಟು ಹೇಳಿ. ಮನೆ ತುಂಬ ಜನ ಇದ್ದಾಗಲೇ ಯಾರೂ ನೋಡುತ್ತಿರುವುದಿಲ್ಲ. ಡಿಸೆಂಬರಿನಿಂದ ಮೇ ವರೆಗೆ ಬಂದರೆ ಮಂಗನ ಕಾಯಿಲೆಯ ನೆನಪಿರಲಿ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಮಕ್ಕಳನ್ನು ಕಾಡಿನ ಅಂಚಿಗೆ, ದರಗಿನ ರಾಶಿಗೆ ಬಿಡಬೇಡಿ. ಊರಿಂದ ಹೋದ ಮೇಲೆ ಜ್ವರ ಬಂದರೆ ಅಲ್ಲಿಯ ಡಾಕ್ಟರಿಗೆ "ಮಲೆನಾಡಿನ ಕಾಡಿನ ಪಕ್ಕ ಇದ್ದು ಬಂದೆವು" ಎಂದು ಹೇಳಿ.

ಅಲ್ಲೇ ಹುಟ್ಟಿದ ಮಗುವಿನ ಕಾಗದಪತ್ರ?

ಮಗುವಿಗೆ ಆ ದೇಶದ ಪಾಸ್‌ಪೋರ್ಟ್ ಸಿಗದಿದ್ದರೆ ಹುಟ್ಟಿದ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಆ ದೇಶದ ಪಾಸ್‌ಪೋರ್ಟ್ ಮಾಡಿಸಿದರೆ ಎರಡು ಪೌರತ್ವ ನಮ್ಮ ಕಾನೂನಿನಲ್ಲಿ ಇಲ್ಲ, ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬೇಕು. ಬಾಣಂತನದ ಸುಸ್ತಿನಲ್ಲಿ ಇದು ಮರೆತೇಹೋಗುತ್ತದೆ. ಮಗುವಿನ ಅಪ್ಪ ಇದನ್ನು ತಮ್ಮ ಕೆಲಸ ಎಂದು ತೆಗೆದುಕೊಳ್ಳಲಿ.

ವಾಪಸ್ ಬಂದು ಶಾಲೆಗೆ ಸೇರಿಸುವಾಗ ಏನು ನೋಡಿಕೊಳ್ಳಬೇಕು?

ವಯಸ್ಸು ಮೊದಲು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ಕರ್ನಾಟಕದ ನಿಯಮ. 2025-26ಕ್ಕೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ನೀವು ಬರುವ ವರ್ಷದ ಆದೇಶ ಕೇಳಿಕೊಳ್ಳಿ. ಇನ್ನು ಕನ್ನಡ. 2015ರ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಲೇಬೇಕು. ಮಾತು ಬರುವ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ. ಮಾತೇ ಬರದಿದ್ದರೆ ಎರಡೂ ಒಟ್ಟಿಗೆ ಹೊರೆಯಾಗುತ್ತದೆ.

ಅಲ್ಲಿಯ ನರ್ಸರಿಗಳಲ್ಲಿ ಐದು ವರ್ಷದವರೆಗೆ ಆಟವೇ ಜಾಸ್ತಿ. ಇಲ್ಲಿ ಯುಕೆಜಿಯಲ್ಲೇ ಸಾಲು ಸಾಲು ಬರೆಸುತ್ತಾರೆ. ನಿಮ್ಮ ಮಗು ಬರೆಯಲು ಬಾರದೆ ಕೂತರೆ ಅದನ್ನು ಹಿಂದುಳಿದಿದೆ ಎನ್ನುವ ಟೀಚರ್ ಇರಬಹುದು. ಸಣ್ಣ ಬೆರಳುಗಳು ಬರವಣಿಗೆಗೆ ಗಟ್ಟಿಯಾಗುವುದು ಹಿಟ್ಟು ನಾದಿ, ಬಟಾಣಿ ಸುಲಿದು, ಗುಂಡಿ ಹಾಕಿ. ಪೆನ್ಸಿಲ್ ಅದರ ನಂತರ. ಶಾಲೆಗೆ ಮೊದಲ ದಿನ ಹೋಗುವಾಗ ಅಲ್ಲಿಯ ಶಾಲೆಯ ವರದಿ, ಲಸಿಕೆಯ ದಾಖಲೆ, ಜನನ ಪ್ರಮಾಣಪತ್ರದ ಜೊತೆ ಒಂದು ಪುಟ ಬರೆದುಕೊಡಿ: ಮಗು ಎಷ್ಟು ವರ್ಷ ಎಲ್ಲಿತ್ತು, ಯಾವ ಭಾಷೆ ಎಷ್ಟು ಬರುತ್ತದೆ, ಭಯವಾದಾಗ ಏನು ಮಾಡುತ್ತದೆ, ಟಾಯ್ಲೆಟ್‌ಗೆ ಹೋಗಬೇಕಾದರೆ ಏನು ಹೇಳುತ್ತದೆ. ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್ ಅಭ್ಯಾಸವಿಲ್ಲದಿದ್ದರೆ ಶಾಲೆ ಶುರುವಾಗುವ ಮುಂಚೆ ಮನೆಯಲ್ಲಿ ಕಲಿಸಿಬಿಡಿ. ಎಷ್ಟೋ ಮಕ್ಕಳು ಮೊದಲ ತಿಂಗಳು ಶಾಲೆಗೆ ಹೋಗಲು ಅಳುವುದು ಪಾಠಕ್ಕಲ್ಲ, ಇದಕ್ಕೆ.